ನೋವಿಲ್ಲದ ಬೇನೆ

ನಮ್ಮ ಕಡೆಯ ಜನ ರೋಗ ಎನ್ನುವುದು ಕಡಿಮೆ. ಬೇನೆ ಎನ್ನುವುದೇ ವಾಡಿಕೆ. ಆಡುವಾಗ ಅದು ಬ್ಯಾನಿ. ಜ್ವರ ಬಂದರೂ ಬ್ಯಾನಿ, ಕಾಮಾಲೆಯಾದರೂ ಬ್ಯಾನಿ, ಕೊಟ್ಟಿಗೆಯ ಎತ್ತು ಮೇವು ಬಿಟ್ಟರೂ ಬ್ಯಾನಿ. ಹೆರಿಗೆಗೆ ಮಲಗಿದ ಹೆಣ್ಣುಮಗಳು ನರಳಿದರೆ "ಬ್ಯಾನಿ ತಿನ್ನಾಕತ್ತಾಳ" ಎಂದು ಹೇಳುವುದುಂಟು. ಶಬ್ದದ ಬೇರು ಹುಡುಕುವ ಚಟ ಕನ್ನಡ ಕಲಿಸುವವರಿಗೆ ತಪ್ಪಿದ್ದಲ್ಲ, ಓದುಗರು ಕ್ಷಮಿಸಬೇಕು. ಸಂಸ್ಕೃತದ ವೇದನೆಯೇ ನಮ್ಮವರ ಬಾಯಲ್ಲಿ ಸವೆದು ಬೇನೆಯಾಯಿತು. ಆ ವೇದನೆಗಾದರೋ ‘ವಿದ್’ ಎಂಬುದು ಧಾತು. ಅರಿ, ತಿಳಿ ಎಂದು ಅದರ ಅರ್ಥ. ಹಾಗಾದರೆ ನೋವು ಎಂಬುದೂ ಒಂದು ಬಗೆಯ ತಿಳಿವಳಿಕೆಯೇ ಆಯಿತು. ಮೈಯಲ್ಲಿ ಎಲ್ಲಿ ಏನು ಕೆಟ್ಟಿದೆಯೆಂದು ಯಜಮಾನನಿಗೆ ಓಡಿಬಂದು ಹೇಳುವ ಆಳು ಅದು. ಹಲ್ಲು ನೊಂದರೆ ರಾತ್ರಿ ಎರಡು ಗಂಟೆಗೂ ಎಬ್ಬಿಸಿ ಹೇಳುತ್ತದೆ. ಒರಟು ಆಳೇ ಸರಿ, ಆದರೆ ನಂಬಿಗಸ್ತ.

ಇತ್ತೀಚೆಗೆ ಮನೆಮನೆಗೆ ಬಂದು ನೆಲಸಿರುವ ಒಂದು ಬೇನೆಗೆ ಮಾತ್ರ ಈ ಆಳಿಲ್ಲ. ಗ್ರಂಥಗಳಲ್ಲಿ ಅದು ಮಧುಮೇಹ. ಹಳೆಯ ತಲೆಮಾರಿನ ವೈದ್ಯ ಲೇಖಕರಲ್ಲಿ ಸಿಹಿಮೂತ್ರ ರೋಗ. ಮೈಸೂರು ಸೀಮೆಯವರಿಗೆ ಸಕ್ಕರೆ ಕಾಯಿಲೆ. ನಮ್ಮಲ್ಲಿ ಸಕ್ಕರಿ ಬ್ಯಾನಿ. ಈಗೀಗ ಬೇನೆಯೂ ಬಿದ್ದುಹೋಗಿ ಬರಿಯ ‘ಶುಗರ್’ ಉಳಿದಿದೆ. "ಅವರಿಗೆ ಶುಗರ್ ಐತ್ರಿ" ಎಂದರೆ ಮುಗಿಯಿತು. ಮದುವೆಯ ಪಂಕ್ತಿಯಲ್ಲಿ ಇಬ್ಬರು ಹಿರಿಯರು ಪಕ್ಕಪಕ್ಕದಲ್ಲಿ ಕುಳಿತರೆ "ನಿಮ್ಮದು ಎಷ್ಟೈತ್ರಿ?" "ನಂದು ಎರಡನೂರಾ ಹತ್ತು" ಎಂದು ಹತ್ತಿಯ ಧಾರಣೆ ಕೇಳಿದಂತೆ ಕೇಳಿಕೊಳ್ಳುತ್ತಾರೆ. ಅಷ್ಟರಲ್ಲಿ ಹೋಳಿಗೆ ಬಡಿಸುವವನು ಬರುತ್ತಾನೆ. ಧಾರಣೆ ಇನ್ನೂ ಏರುತ್ತದೆ.

ಇದನ್ನು ನಗೆಯ ಮಾತಾಗಿ ಆಡಿದೆನಾದರೂ ಲೆಕ್ಕ ನಗುವಂಥದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದರ ಪ್ರಕಾರ ನಮ್ಮ ದೇಶದಲ್ಲಿ ಹತ್ತು ಕೋಟಿಗೂ ಮಿಕ್ಕಿ ಜನರಿಗೆ ಈ ರೋಗವುಂಟು. ಹೊಸ್ತಿಲ ಮೇಲೆ ನಿಂತವರು ಇನ್ನೂ ಹದಿಮೂರು ಕೋಟಿಗೂ ಹೆಚ್ಚು. ಇವರಲ್ಲಿ ಎಷ್ಟೋ ಜನಕ್ಕೆ ತಮಗೆ ರೋಗವಿದೆ ಎಂಬುದೇ ಗೊತ್ತಿರುವುದಿಲ್ಲ. ಹೇಗೆ ಗೊತ್ತಾಗಬೇಕು? ಹೇಳುವ ಆಳೇ ಇಲ್ಲವಲ್ಲ!

ಪ್ರಾಚೀನರಿಗೆ ಇದರ ಸುಳಿವು ಸಿಕ್ಕಿತ್ತು. ಪ್ರಮೇಹ ಬರುವವನ ಮೈಗೂ ಮೂತ್ರಕ್ಕೂ ಇರುವೆ ಮುತ್ತುತ್ತವೆ ಎಂದು ಚರಕಸಂಹಿತೆಯಲ್ಲಿ ಹೇಳಿದೆ. ರೋಗಿಗೆ ತಿಳಿಯದ್ದು ಇರುವೆಗೆ ತಿಳಿದಿತ್ತು! ಗ್ರೀಕರು ನೀರು ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹರಿದುಹೋಗುವ ಕೊಳವೆಗೆ ಇದನ್ನು ಹೋಲಿಸಿ ಡಯಾಬಿಟಿಸ್ ಎಂದರು. ಕುಡಿದಷ್ಟೂ ದಾಹ, ದಾಹವಾದಷ್ಟೂ ಮೂತ್ರ. ಕೊನೆಗೆ ೧೭೭೬ರಲ್ಲಿ ಮ್ಯಾಥ್ಯೂ ಡಾಬ್ಸನ್ ಎಂಬ ಇಂಗ್ಲಿಷ್ ವೈದ್ಯ ರೋಗಿಯ ಮೂತ್ರವನ್ನು ಕಾಯಿಸಿ ಇಂಗಿಸಿ, ತಳದಲ್ಲಿ ಉಳಿದದ್ದು ಸಕ್ಕರೆಯೆಂದು ತೋರಿಸಿದ. ರಕ್ತವೂ ಸಿಹಿಯಾಗಿರುತ್ತದೆಂಬುದನ್ನು ಅವನೇ ಗುರುತಿಸಿದ. ಅಲ್ಲಿಂದ ಮುಂದೆ ಮೂತ್ರದ ರೋಗವೆನಿಸಿದ್ದು ರಕ್ತದ ರೋಗವೆನಿಸಿತು.

ಒಳಗೆ ನಡೆಯುವುದೇನು? ಬಾಗಲಕೋಟೆಯ ಪೇಟೆಯನ್ನು ಕಂಡವರಿಗೆ ಇದನ್ನು ತಿಳಿಯಹೇಳುವುದು ಕಷ್ಟವಲ್ಲ. ಸುಗ್ಗಿಯಲ್ಲಿ ಜೋಳ, ಕಡಲೆಗಳ ಚೀಲ ತುಂಬಿದ ಗಾಡಿಗಳು ಬಂದು ಅಂಗಳದಲ್ಲಿ ನಿಲ್ಲುತ್ತವೆ. ಹಮಾಲರು ಆ ಚೀಲಗಳನ್ನು ಬೆನ್ನ ಮೇಲೆ ಹೊತ್ತು ವಖಾರಿಗಳಿಗೆ ಸಾಗಿಸುತ್ತಾರೆ. ನಾವು ಉಂಡ ರೊಟ್ಟಿ, ಅನ್ನ, ಹಣ್ಣು ಎಲ್ಲವೂ ಕರಗಿ ಕೊನೆಗೆ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತವೆಂಬ ಅಂಗಳಕ್ಕೆ ಬಂದು ಇಳಿಯುತ್ತದೆ. ಅಲ್ಲಿಂದ ಅದನ್ನು ಸ್ನಾಯು ಮೊದಲಾದ ವಖಾರಿಗಳಿಗೆ ಸೇರಿಸುವ ಹಮಾಲನೇ ಇನ್ಸುಲಿನ್. ಹೊಟ್ಟೆಯ ಹಿಂಭಾಗದಲ್ಲಿರುವ ಮೇದೋಜೀರಕ ಗ್ರಂಥಿಯಲ್ಲಿ ಅಲ್ಲಲ್ಲಿ ನಡುಗಡ್ಡೆಗಳಂತೆ ತೋರುವ ಸಣ್ಣ ಸಣ್ಣ ಗುಂಪುಗಳಿವೆ. ಲ್ಯಾಂಗರ್‌ಹ್ಯಾನ್ಸ್ ಎಂಬ ಜರ್ಮನ್ ವಿದ್ವಾಂಸ ಅವನ್ನು ೧೮೬೯ರಲ್ಲಿ ಕಂಡುಹಿಡಿದ. ಈ ಹಮಾಲ ಹುಟ್ಟುವುದು ಅಲ್ಲಿ. ಲ್ಯಾಟಿನ್ನಿನಲ್ಲಿ ‘ಇನ್ಸುಲ’ ಎಂದರೆ ನಡುಗಡ್ಡೆಯೇ. ಆಲಮಟ್ಟಿಯ ಹಿನ್ನೀರು ಕಂಡಿರುವ ನಮಗೆ ಆ ಶಬ್ದ ಬಿಡಿಸಿ ಹೇಳಬೇಕಾಗಿಲ್ಲ.

ಕೆಲವರಲ್ಲಿ, ಹೆಚ್ಚಾಗಿ ಚಿಕ್ಕ ವಯಸ್ಸಿನಲ್ಲಿ, ಈ ಹಮಾಲರು ಹುಟ್ಟುವ ಜಾಗವನ್ನು ಮೈಯ ಕಾವಲುಪಡೆಯೇ ತಪ್ಪಾಗಿ ನಾಶಮಾಡಿಬಿಡುತ್ತದೆ. ಇದು ಒಂದನೆಯ ಬಗೆ. ಬಹುಮಂದಿಗೆ ಬರುವುದು ಎರಡನೆಯ ಬಗೆ: ಹಮಾಲರಿದ್ದಾರೆ, ಆದರೆ ವಖಾರಿಯ ಬಾಗಿಲು ತುಕ್ಕು ಹಿಡಿದು ಸಲೀಸಾಗಿ ತೆರೆಯುವುದಿಲ್ಲ. ಒಬ್ಬ ಮಾಡುವ ಕೆಲಸಕ್ಕೆ ನಾಲ್ವರು ಬೇಕಾಗುತ್ತಾರೆ. ನಾಲ್ವರನ್ನು ಒದಗಿಸಿ ಒದಗಿಸಿ ಗ್ರಂಥಿ ವರ್ಷಗಳ ಮೇಲೆ ಸೋಲುತ್ತದೆ. ವಂಶಗುಣ, ಹೊಟ್ಟೆಯ ಸುತ್ತಿನ ಬೊಜ್ಜು, ಕುಳಿತಲ್ಲೇ ಕುಳಿತಿರುವುದು, ಇವೆಲ್ಲ ಬಾಗಿಲಿಗೆ ತುಕ್ಕು ಹಿಡಿಸುವ ಸಾಮಗ್ರಿಗಳು. ಅಂಗಳ ತುಂಬಿ ಚೀಲ ರಸ್ತೆಗೆ ಉರುಳುವುದು ಆಮೇಲಿನ ಮಾತು. ಇರುವೆ ಬಂದದ್ದು ಆ ಉರುಳಿದ ಚೀಲಕ್ಕೆ. ಅಷ್ಟು ಹೊತ್ತಿಗೆ ಒಳಗಿನ ಅಂಗಳ ತುಂಬಿ ಎಷ್ಟು ದಿನವಾಗಿರುತ್ತದೋ! ಅಂಗಳದಲ್ಲಿ ರಾಶಿ, ವಖಾರಿಯಲ್ಲಿ ಬರ. ರೋಗಿ ಉಂಡರೂ ದಣಿಯುವುದು ಇದಕ್ಕೆ.

ಹೀಗೆ ತುಂಬಿದ ಅಂಗಳದಿಂದ ಕೂಡಲೇ ಯಾವ ನೋವೂ ಇಲ್ಲ. ಹಾನಿ ಮೆಲ್ಲಗೆ ನಡೆಯುತ್ತದೆ. ಕಣ್ಣಿನ ಹಿಂದಿನ ಪರದೆಯಲ್ಲಿ, ಮೂತ್ರಪಿಂಡದಲ್ಲಿ, ಹೃದಯದ ನಾಳಗಳಲ್ಲಿ, ನರಗಳಲ್ಲಿ. ನರಗಳಲ್ಲಿ ಅತಿ ಉದ್ದವಾದವು ಮೊದಲು ಕೆಡುತ್ತವಾದ್ದರಿಂದ ಪೆಟ್ಟು ಪಾದಕ್ಕೆ ತಗಲುತ್ತದೆ. ಈ ಮಾತು ನನಗೆ ಪುಸ್ತಕದಿಂದ ತಿಳಿದದ್ದಲ್ಲ. ಇಳಕಲ್ಲಿನ ನನ್ನ ಸೋದರಮಾವನ ಕಾಲಿನಿಂದ ತಿಳಿದದ್ದು.

ಮಾವ ನೇಕಾರರು. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ಐವತ್ತು ವರ್ಷ ಸೀರೆ ನೆಯ್ದವರು. ಇಳಕಲ್ಲ ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೂಡಿಸುವ ಕೆಲಸವನ್ನು ಬಲ್ಲವರೇ ಬಲ್ಲರು; ಒಂದೊಂದು ಎಳೆಯನ್ನೂ ಬೆರಳಿನಿಂದ ಹಿಡಿದು ಕೊಂಡಿ ಹಾಕಬೇಕು. ಅವರ ಬೆರಳಿಗೆ ಅಂಥ ಅರಿವಿತ್ತು. ಅವರಿಗೆ ಸಕ್ಕರೆ ಬೇನೆಯಿದೆಯೆಂದು ಆಸ್ಪತ್ರೆಯಲ್ಲಿ ಹೇಳಿ ಕಳಿಸಿದಾಗ ಅವರು ನಂಬಲಿಲ್ಲ. "ನೋಡಪಾ ತಮ್ಮಾ, ಎಲ್ಲೆರ ನೂಸಿದ್ರ ಬ್ಯಾನಿ ಅನ್ನಬೇಕು. ನೂಸಂಗಿಲ್ಲ, ಕುತ್ತಂಗಿಲ್ಲ, ಇದೆಂಥಾ ಬ್ಯಾನಿ?" ಎಂದು ನನ್ನನ್ನೇ ಕೇಳಿದರು. ಅವರ ತರ್ಕದಲ್ಲಿ ತಪ್ಪೇನಿತ್ತು? ಬೇನೆಯ ಮೂಲಾರ್ಥವನ್ನು ಹಿಡಿದೇ ಅವರು ಮಾತಾಡಿದ್ದರು. ಕೊಟ್ಟ ಗುಳಿಗೆಗಳನ್ನು ಒಂದು ತಿಂಗಳು ನುಂಗಿ, "ಆರಾಮ ಅದೀನಿ" ಎಂದು ಬಿಟ್ಟುಬಿಟ್ಟರು.

ಹತ್ತು ವರ್ಷ ಹೀಗೆ ನಡೆಯಿತು. ೨೦೦೯ರ ಬೇಸಿಗೆಯಲ್ಲಿ ಒಂದು ಸಂಜೆ ಮಾವ ಮಗ್ಗದ ಕುಣಿಯಿಂದೆದ್ದು ಪಡಸಾಲೆಗೆ ಬಂದಾಗ ಹಿಂದೆ ನೆಲದ ಮೇಲೆ ರಕ್ತದ ಗುರುತು ಮೂಡಿದ್ದನ್ನು ಅತ್ತೆ ಕಂಡರು. ಹಿಡಿದು ಕೂಡಿಸಿ ನೋಡಿದರೆ ಹೆಬ್ಬೆರಳ ಬುಡದಲ್ಲಿ ಜಾಲಿಯ ಮುಳ್ಳು ಪೂರ್ತಿ ಇಳಿದಿತ್ತು. ಅದು ಚುಚ್ಚಿ ಎಷ್ಟು ದಿನವಾಗಿತ್ತೋ, ಸುತ್ತಲೂ ಕೀವುಗಟ್ಟಿತ್ತು. ಮಾವನಿಗೆ ಅದರ ಅರಿವೇ ಇರಲಿಲ್ಲ. ಬಾಗಲಕೋಟೆಗೆ ಕರೆತಂದೆವು. ಅಲ್ಲಿಯ ವೈದ್ಯರು ಒಂದು ಸೂಜಿಯ ಮೊನೆಯನ್ನು ಪಾದದ ಮೇಲೆ ಮೆಲ್ಲಗೆ ಒತ್ತುತ್ತ "ಗೊತ್ತಾಗತೈತೇನ್ರಿ ಅಜ್ಜಾರ?" ಎಂದು ಕೇಳಿದರು. ಮಾವ ಗೋಡೆಯ ಕಡೆ ನೋಡುತ್ತ "ನೀವು ಇನ್ನೂ ಚುಚ್ಚೇ ಇಲ್ಲಲ್ರಿ" ಎಂದರು. ಚುಚ್ಚಿ ನಾಲ್ಕು ಸಲವಾಗಿತ್ತು. ನಾನು ಆ ಕೋಣೆಯಲ್ಲಿ ನಿಂತಿದ್ದೆ. ಸೆರಗಿನ ಎಳೆಯನ್ನು ಕತ್ತಲಲ್ಲೂ ಮುಟ್ಟಿ ಗುರುತಿಸುವ ಮನುಷ್ಯನಿಗೆ ತನ್ನ ಕಾಲು ಪರಕೀಯವಾಗಿತ್ತು.

ಹೆಬ್ಬೆರಳು ಹೋಯಿತು, ಕಾಲು ಉಳಿಯಿತು. ಮನೆಗೆ ಬಂದ ಮೇಲೆ ಅತ್ತೆ ಒಂದು ಕಟ್ಟಳೆ ಮಾಡಿದರು. ದಿನಾ ದೀಪ ಹಚ್ಚುವ ಹೊತ್ತಿಗೆ ಮಾವ ಕಾಲು ತೊಳೆದು, ಬೆರಳುಸಂದಿಯನ್ನೂ ಒರೆಸಿಕೊಂಡು ಕೂಡ್ರತಕ್ಕದ್ದು. ಅತ್ತೆ ಬ್ಯಾಟರಿ ಹಿಡಿದು ಅಂಗಾಲು, ಹಿಮ್ಮಡಿ, ಬೆರಳುಸಂದಿಗಳನ್ನೆಲ್ಲ ನೋಡತಕ್ಕದ್ದು. ಮೊದಮೊದಲು ಮಾವನಿಗೆ ಇದು ನಾಚಿಕೆಯಾಯಿತು. ಬೀಗರು ಬಂದಾಗ ತಪ್ಪಿಸಿಕೊಳ್ಳಲು ನೋಡುತ್ತಿದ್ದರು. ಅತ್ತೆ ಬಿಡಲಿಲ್ಲ. "ಸೆರಗಿನ್ಯಾಗ ಒಂದ ಎಳಿ ತಪ್ಪಿದ್ರ ಕಾಣತೈತಿ ಇವ್ರಿಗೆ, ತಮ್ಮ ಕಾಲಾಗಿನ ಮುಳ್ಳು ಕಾಣಂಗಿಲ್ಲ" ಎಂದು ಬೀಗರ ಮುಂದೆಯೇ ಹೇಳಿ ಕಾಲು ಹಿಡಿದೆಳೆದುಕೊಳ್ಳುತ್ತಿದ್ದರು. ಅತ್ತೆಗೆ ಅಕ್ಷರ ಬಾರದು. ಆದರೆ ನೋವು ಹೇಳಬೇಕಾದುದನ್ನು ಅವರ ಕಣ್ಣು ಹೇಳುತ್ತಿತ್ತು. ಬರಿಗಾಲಲ್ಲಿ ನಡೆಯಬಾರದು, ಬಿಸಿನೀರನ್ನು ಕಾಲಿನಿಂದಲ್ಲ ಮೊಣಕೈಯಿಂದ ಮುಟ್ಟಿ ನೋಡಬೇಕು, ಆಣಿಯನ್ನು ಬ್ಲೇಡಿನಿಂದ ಕೊಯ್ದುಕೊಳ್ಳಬಾರದು, ಇವನ್ನೆಲ್ಲ ಅವರು ವೈದ್ಯರಿಂದ ಕೇಳಿ ಬಾಯಿಪಾಠ ಮಾಡಿದ್ದರು. ಮಾವ ಆಮೇಲೆ ಹನ್ನೊಂದು ವರ್ಷ ಎರಡು ಕಾಲ ಮೇಲೆಯೇ ನಡೆದು, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡರು.

ತಾಯಿಯ ಕಡೆಯಿಂದ ನನಗೆ ಬಂದ ಆಸ್ತಿ ಏನೂ ಇರಲಿಲ್ಲ ಎಂದುಕೊಂಡಿದ್ದೆ. ಎರಡು ವರ್ಷದ ಹಿಂದೆ, ನನ್ನ ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಅದು ಪತ್ತೆಯಾಯಿತು. ಕಾಲೇಜಿನಲ್ಲಿ ನಡೆದ ತಪಾಸಣೆಯಲ್ಲಿ ಬರಿಹೊಟ್ಟೆಯ ರಕ್ತ ತೆಗೆದರು: ೧೬೨. ನೂರರ ಒಳಗಿದ್ದರೆ ಸರಿ. ನೂರರಿಂದ ನೂರಿಪ್ಪತ್ತೈದರವರೆಗೆ ಹೊಸ್ತಿಲು. ೧೨೬ ಮತ್ತು ಅದರ ಮೇಲೆ ರೋಗ. ಒಂದೇ ಸಲದ ಅಂಕಿಯನ್ನು ನಂಬದೆ ಇನ್ನೊಂದು ದಿನವೂ ನೋಡುವುದು ಕ್ರಮ. ಜೊತೆಗೆ ‘ಎಚ್‌ಬಿಎ೧ಸಿ’ ಎಂಬ ಪರೀಕ್ಷೆಯನ್ನೂ ಮಾಡಿಸಿದರು. ಇದನ್ನು ಮಾಸ್ತರಿಕೆಯ ಭಾಷೆಯಲ್ಲಿ ಹೀಗೆ ಹೇಳಬಹುದು: ಬರಿಹೊಟ್ಟೆಯ ಪರೀಕ್ಷೆಯೆಂದರೆ ಸಾಹೇಬರು ತಪಾಸಣೆಗೆ ಬರುವ ದಿನ, ಅಂದು ಎಂಥ ಶಾಲೆಯೂ ಗುಡಿಸಿ ಸಾರಿಸಿಕೊಂಡಿರುತ್ತದೆ. ಎಚ್‌ಬಿಎ೧ಸಿ ಎಂದರೆ ಮೂರು ತಿಂಗಳ ಹಾಜರಿ ಪುಸ್ತಕ. ರಕ್ತದ ಕೆಂಪುಕಣಗಳು ಸುಮಾರು ೧೨೦ ದಿನ ಬದುಕುತ್ತವೆ. ಅಷ್ಟು ದಿನ ಸುತ್ತಲಿದ್ದ ಸಕ್ಕರೆ ಅವುಗಳಿಗೆ ಅಂಟಿಕೊಂಡು ಸಾಕ್ಷಿ ಹೇಳುತ್ತದೆ. ಆರೂವರೆ ಮತ್ತು ಅದರ ಮೇಲೆ ರೋಗ. ನನ್ನದು ೭.೮ ಬಂದಿತು. ಅಂದು ನನಗೆ ಎಲ್ಲಿಯೂ ನೋಯುತ್ತಿರಲಿಲ್ಲ. ಮಧ್ಯಾಹ್ನ ಎರಡು ತಾಸು ಪಾಠ ಹೇಳಿದೆ. ಸಂಜೆ ಒಂದು ಸಭೆಯಲ್ಲಿ ಭಾಷಣವನ್ನೂ ಮಾಡಿದೆ. ಆದರೆ ಆ ರಾತ್ರಿ ನನ್ನ ಅಂಗಾಲನ್ನು ನಾನೇ ಮುಟ್ಟಿ ನೋಡಿಕೊಂಡೆ. ಮುಟ್ಟಿದ್ದು ತಿಳಿಯಿತು. ಅಷ್ಟು ಸಣ್ಣ ಸಂಗತಿಗೆ ಅಷ್ಟು ಸಂತೋಷವಾದದ್ದು ನನ್ನ ಆಯುಷ್ಯದಲ್ಲಿ ಬೇರೊಂದಿಲ್ಲ.

ರೋಗ ಬಂದವನಿಗೆ ಸಲಹೆಗಳಿಗೆ ಬರವಿಲ್ಲ. ಬಾದಾಮಿಯಲ್ಲಿರುವ ನನ್ನ ಅಕ್ಕನಿಗೂ ಇದೇ ಬೇನೆ. ಸುದ್ದಿ ತಿಳಿದೊಡನೆ ನನ್ನನ್ನು ಕರೆಸಿಕೊಂಡಳು. ಸಮದುಃಖಿಗಳು ಸಿಕ್ಕರೆ ಒಂದು ಬಗೆಯ ಹಬ್ಬವೇ. "ಚಹಾಕ್ಕ ಸಕ್ಕರಿ ಬಿಟ್ಟಬಿಡು. ರೊಟ್ಟಿ ಎಷ್ಟ ಬೇಕಾದಷ್ಟ ತಿನ್ನು, ಜ್ವಾಳದ್ದು ಏನೂ ಆಗಂಗಿಲ್ಲ" ಎಂದು ಉಪದೇಶ ಮಾಡಿ, ಬನಶಂಕರಿಯಿಂದ ತರಿಸಿದ ಗಡಿಗೆ ಮೊಸರಿನೊಡನೆ ನಾಲ್ಕು ರೊಟ್ಟಿ ಬಡಿಸಿದಳು. ಉಂಡ ಮೇಲೆ ತಟ್ಟೆಯಲ್ಲಿ ಅಮೀನಗಡದ ಕರದಂಟು ಬಂದಿತು. "ಅಕ್ಕಾ, ಇದು?" ಎಂದೆ. "ಅದು ಬೆಲ್ಲದ್ದೋ, ಸಕ್ಕರಿದಲ್ಲ" ಎಂದಳು.

ಇದು ನನ್ನ ಅಕ್ಕನೊಬ್ಬಳ ನಂಬಿಕೆಯಲ್ಲ, ನಾಡಿನ ನಂಬಿಕೆ. ತಪ್ಪು ಅಕ್ಕನದಲ್ಲ, ಹೆಸರಿನದು. ಸಕ್ಕರೆ ಬೇನೆ ಎಂದು ಹೆಸರಿಟ್ಟ ಮೇಲೆ ಸಕ್ಕರೆಯ ಡಬ್ಬಿಯೊಂದನ್ನು ಮುಚ್ಚಿದರೆ ಬೇನೆ ಮುಚ್ಚಿತೆಂದು ತಿಳಿಯುವುದು ಸಹಜ. ಬೆಲ್ಲ ಸಕ್ಕರೆಯ ಅಣ್ಣನೇ ಹೊರತು ಬೇರೆ ಕುಲದವನಲ್ಲ; ರಕ್ತಕ್ಕೆ ಇಬ್ಬರೂ ಒಂದೇ. ಇನ್ನು ಜೋಳ. ಹುನಗುಂದದ ಎರೆಹೊಲದ ಬಿಳಿಜೋಳ ತಿಂದು ಬೆಳೆದ ನಾನು ಅದರ ನಿಂದೆ ಮಾಡಲಾರೆ. ಅದರಲ್ಲಿ ನಾರು ಹೆಚ್ಚು. ಪಾಲಿಶ್ ಮಾಡಿದ ಅಕ್ಕಿಗಿಂತ ಅದು ಒಳ್ಳೆಯ ಸಂಗಾತಿ. ಆದರೆ ಜೋಳದಲ್ಲಿಯೂ ಇರುವುದು ಬಹುಮಟ್ಟಿಗೆ ಪಿಷ್ಟವೇ. ಅದೂ ಕೊನೆಗೆ ಅಂಗಳಕ್ಕೆ ಬಂದಿಳಿಯುವ ಚೀಲವೇ. ಎರಡು ರೊಟ್ಟಿ ಔಷಧದಂತಾದರೆ ಐದನೆಯ ರೊಟ್ಟಿ ಮತ್ತೆ ಸಕ್ಕರೆಯೇ. ನಮ್ಮ ಊಟದಲ್ಲಿ ಇದಕ್ಕೆ ಉಪಾಯವೂ ಇದೆ. ಪುಂಡಿಪಲ್ಯ, ಹೆಸರುಕಾಳು, ಮಡಕೆಕಾಳು, ಹಸಿ ಮೆಂತ್ಯೆ, ಸವತೆಕಾಯಿ, ಉಳ್ಳಾಗಡ್ಡಿ, ಮೊಸರು. ತಾಟಿನ ಅರ್ಧಭಾಗವನ್ನು ಪಲ್ಯಗಳಿಗೆ ಬಿಟ್ಟುಕೊಟ್ಟು, ಕಾಳಿಗೆ ಒಂದಿಷ್ಟು ಜಾಗ ಮಾಡಿ, ಉಳಿದಲ್ಲಿ ರೊಟ್ಟಿ ಕೂಡ್ರಿಸಿದರೆ ಆಯಿತು. ವೈದ್ಯರು ಬರೆದುಕೊಟ್ಟ ಆಹಾರಪಟ್ಟಿಗೂ ನಮ್ಮ ಅಜ್ಜಿಯರ ಬುತ್ತಿಗೂ ಅಂಥ ಹಗೆತನವೇನಿಲ್ಲ. ಹಗೆತನವಿರುವುದು ದಿನಕ್ಕೆ ಆರು ಸಲದ ಚಹಾ, ಬೇಕರಿಯ ಖಾರಿ, ಸಂಜೆಯ ಮಿರ್ಚಿಗಳೊಡನೆ.

ಚಿಕಿತ್ಸೆಯ ಮೊದಲ ಮೆಟ್ಟಿಲು ಇದೇ. ನಮ್ಮವರು ಇದನ್ನು ಪಥ್ಯ ಎಂದರು. ಪಥ್ಯವೆಂದೊಡನೆ ಮುಖ ಹುಳಿಮಾಡುವವರಿಗೆ ಒಂದು ಮಾತು: ಆ ಶಬ್ದ ಬಂದದ್ದು ‘ಪಥ’ದಿಂದ. ದಾರಿಗೆ ಒಪ್ಪುವುದು ಪಥ್ಯ. ದೂರದ ಪಯಣಕ್ಕೆ ಹೊರಟವನು ಕಟ್ಟಿಕೊಳ್ಳುವ ಬುತ್ತಿ ಎಂಬಂತೆ ಇದನ್ನು ಭಾವಿಸಿದರೆ ಅರ್ಧ ಕಹಿ ಇಳಿಯುತ್ತದೆ. ದಾರಿಯೆಂದ ಮೇಲೆ ನಡೆಯುವುದೂ ಬಂತು. ಸ್ನಾಯುಗಳು ದುಡಿಯುವಾಗ ವಖಾರಿಯ ತುಕ್ಕುಬಾಗಿಲು ತಾನಾಗಿ ಸಡಿಲುತ್ತದೆ. ಹೆಚ್ಚು ಹಮಾಲರು ಬೇಕಾಗುವುದಿಲ್ಲ. ವಾರಕ್ಕೆ ನೂರೈವತ್ತು ಮಿನಿಟು ಬಿರುಸಾಗಿ ನಡೆಯಿರಿ ಎನ್ನುತ್ತಾರೆ. ನವನಗರದ ಅಗಲವಾದ ರಸ್ತೆಗಳಲ್ಲಿ ಬೆಳಗಿನ ಐದೂವರೆಗೆ ಬಂದು ನೋಡಿದರೆ ಬಾಗಲಕೋಟೆಯ ಅರ್ಧ ಊರು ನಡೆಯುತ್ತಿರುತ್ತದೆ: ವಕೀಲರು, ಅಡತಿಯವರು, ನಿವೃತ್ತ ಹೆಡ್‌ಮಾಸ್ತರರು. ಹಿಂದೆ ನಸುಕಿನಲ್ಲಿ ನಡೆಯುತ್ತಿದ್ದವರು ಹೊಲಕ್ಕೆ ಹೋಗುತ್ತಿದ್ದರು. ನಾವು ಎಲ್ಲಿಗೂ ಹೋಗುವುದಿಲ್ಲ, ಹೋದಲ್ಲಿಗೇ ತಿರುಗಿ ಬರುತ್ತೇವೆ. ಮೈಗೆ ಅಷ್ಟು ಸಾಕಂತೆ.

ಎರಡನೆಯ ಮೆಟ್ಟಿಲು ಗುಳಿಗೆ. ಇಂಗ್ಲಿಷ್ ಔಷಧ ಉಷ್ಣ, ಗಿಡಮೂಲಿಕೆಯೇ ಮೇಲು ಎನ್ನುವವರು ನಮ್ಮಲ್ಲಿ ಹೆಚ್ಚು. ಅವರಿಗೊಂದು ವಿಷಯ ಹೇಳಬೇಕು. ಈ ರೋಗಕ್ಕೆ ಲೋಕದಲ್ಲಿ ಅತಿ ಹೆಚ್ಚಾಗಿ ಕೊಡುವ ಮೆಟ್‌ಫಾರ್ಮಿನ್ ಎಂಬ ಗುಳಿಗೆಯ ವಂಶವೃಕ್ಷ ಹುಡುಕುತ್ತ ಹೋದರೆ ಸಿಗುವುದು ಯುರೋಪಿನ ಗಲೇಗ ಎಂಬ ದ್ವಿದಳ ಜಾತಿಯ ಗಿಡ. ಅಲ್ಲಿಯ ಹಳ್ಳಿವೈದ್ಯದಲ್ಲಿ ಅದು ಮೊದಲೇ ಇತ್ತು. ಅದರಲ್ಲಿಯ ಸತ್ವದ ಜಾಡು ಹಿಡಿದು, ವಿಷದ ಅಂಶ ಕಳೆದು, ಅಳತೆ ಗೊತ್ತುಮಾಡಿ, ೧೯೫೭ರಲ್ಲಿ ಜ್ಯಾಂ ಸ್ಟರ್ನ್ ಎಂಬ ಫ್ರೆಂಚ್ ವೈದ್ಯ ಇದನ್ನು ರೋಗಿಗಳಿಗೆ ಕೊಟ್ಟ ಫಲವನ್ನು ಪ್ರಕಟಿಸಿದ. ಯಕೃತ್ತು ತಾನಾಗಿ ಸಕ್ಕರೆ ತಯಾರಿಸಿ ರಕ್ತಕ್ಕೆ ಸುರಿಯುವುದನ್ನು ಅದು ತಡೆಯುತ್ತದೆ. ಗಿಡಕ್ಕೂ ಗುಳಿಗೆಗೂ ನಡುವೆ ಇರುವ ವ್ಯತ್ಯಾಸ ಅಳತೆ ಮತ್ತು ಪರೀಕ್ಷೆ. ನಮ್ಮ ಮಧುನಾಶಿನಿಯ ಎಲೆಯನ್ನು ಅಗಿದು ನೋಡಿದವರಿಗೆ ಗೊತ್ತು. ಆಮೇಲೆ ಸಕ್ಕರೆ ಬಾಯಿಗೆ ಹಾಕಿದರೆ ಉಸುಕು ಹಾಕಿದಂತಾಗುತ್ತದೆ, ಸಿಹಿಯೇ ತಿಳಿಯುವುದಿಲ್ಲ. ಆದರೆ ನಾಲಗೆಗೆ ತಿಳಿಯದಿದ್ದರೆ ರಕ್ತಕ್ಕೂ ತಿಳಿಯಲಿಲ್ಲವೆಂದು ನಂಬಿ ಗುಳಿಗೆ ಬಿಟ್ಟರೆ ಮತ್ತೆ ಅದೇ ಕಥೆ: ತಿಳಿಯದಿರುವುದೇ ಆರಾಮವೆಂಬ ಭ್ರಾಂತಿ.

ಮೂರನೆಯದು ಇನ್ಸುಲಿನ್. "ಸೂಜಿಗೆ ಬಂತಂದ್ರ ಮುಗೀತು" ಎಂಬ ಮಾತು ನಮ್ಮಲ್ಲಿದೆ. ನಿಜ ಹೇಳಬೇಕೆಂದರೆ ಸೂಜಿಯಿಂದ ಮುಗಿದದ್ದಲ್ಲ, ಶುರುವಾದದ್ದು. ೧೯೨೨ಕ್ಕೆ ಮೊದಲು ಒಂದನೆಯ ಬಗೆಯ ರೋಗ ಬಂದ ಮಕ್ಕಳು ಬದುಕುತ್ತಿರಲಿಲ್ಲ. ಉಪವಾಸ ಕೆಡವಿ ಕೆಲವು ದಿನ ಸಾವನ್ನು ಮುಂದೂಡುವುದೇ ಚಿಕಿತ್ಸೆಯಾಗಿತ್ತು. ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬಿಬ್ಬರು ೧೯೨೧ರಲ್ಲಿ ನಾಯಿಗಳ ಗ್ರಂಥಿಯಿಂದ ರಸ ತೆಗೆಯುವಲ್ಲಿ ಯಶಸ್ಸು ಪಡೆದರು. ೧೯೨೨ರ ಜನವರಿಯಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕು ವರ್ಷದ ಹುಡುಗನಿಗೆ, ಎಲುಬು ಚರ್ಮ ಉಳಿದಿದ್ದವನಿಗೆ, ಅದನ್ನು ಚುಚ್ಚಿದರು. ಮೊದಲ ಸಲ ಕೈಗೂಡಲಿಲ್ಲ. ಕಾಲಿಪ್ ಎಂಬಾತ ಅದನ್ನು ಶುದ್ಧಿಮಾಡಿಕೊಟ್ಟ ಮೇಲೆ ಹನ್ನೆರಡು ದಿನ ಬಿಟ್ಟು ಮತ್ತೆ ಚುಚ್ಚಿದಾಗ ಹುಡುಗ ಚೇತರಿಸಿಕೊಂಡ. ಅದರ ಹಕ್ಕನ್ನು ಅವರು ತಲೆಗೊಂದು ಡಾಲರಿನಂತೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು.

ಆ ಹುಡುಗನ ಕಥೆ ನನಗೆ ಬರಿಯ ಇತಿಹಾಸವಾಗಿ ಉಳಿದಿಲ್ಲ. ಕೆಲವು ವರ್ಷಗಳ ಹಿಂದೆ ಬಿ.ಎ. ತರಗತಿಗೆ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನವನ್ನು ಪಾಠ ಹೇಳುತ್ತಿದ್ದೆ. ಸವಿಯಾದವರಿಗೆ ಸವಿಯಾಗಿಯೂ ಕೆಣಕಿದವರಿಗೆ ಕಲಿಕಾಲದ ವಿಪರೀತನಾಗಿಯೂ ಇದ್ದ ಆ ವೀರನ ಬಗೆಗೆ ಹೇಳುತ್ತಿರುವಾಗ ಎರಡನೆಯ ಬೆಂಚಿನ ಹುಡುಗಿಯೊಬ್ಬಳು ಬೆವರಿಟ್ಟು ನಡುಗತೊಡಗಿದಳು. ಹುನಗುಂದ ತಾಲೂಕಿನ ಒಂದು ಹಳ್ಳಿಯವಳು, ಜಾಣೆ, ಮಿತಭಾಷಿ. ಪಕ್ಕದವಳು ಗಾಬರಿಯಿಂದ ತನ್ನ ಬುತ್ತಿಯಲ್ಲಿದ್ದ ಕರದಂಟಿನ ತುಂಡು ಕೊಡಹೋದಳು. ಅವಳು ಅದನ್ನು ಸರಿಸಿ, "ಕರದಂಟು ಬ್ಯಾಡ, ಸಕ್ಕರಿ... ಅದು ಲಗೂ ಏರತೈತಿ" ಎಂದಳು. ಪೇಠಣಿಗೆಯ ಆಚೆ ಇದ್ದ ಚಹಾದಂಗಡಿಯಿಂದ ಸಕ್ಕರೆ ತರಿಸಿ ನೀರಿನಲ್ಲಿ ಕದಡಿ ಕೊಟ್ಟೆವು. ಹತ್ತು ಹದಿನೈದು ಮಿನಿಟಿನಲ್ಲಿ ಚೇತರಿಸಿಕ

ೊಂಡಳು.